ಮೂಗು ಮುಟ್ಟಿ ‘ಅಮ್ಮಿ’ ಎಂದ ವಿಡಿಯೋ

ಆ್ಯಪ್ ಹತ್ತು ದಿನದಲ್ಲಿ ಬಂದ್ ಆಗುತ್ತದೆ ಅಂತ ಮೆಸೇಜ್ ಬಂದಾಗ ನಾನು ಯಾರದೋ ಮದುವೆ ಬ್ಲೌಸ್‌ಗೆ ಹುಕ್ ಹಚ್ಚುತ್ತಿದ್ದೆ.

ಇಂಥ ಮೆಸೇಜ್ ಎಷ್ಟೋ ಬರುತ್ತವೆ ಅಂತ ಮೊದಲು ಪಕ್ಕಕ್ಕೆ ಸರಿಸಿದೆ. ಮತ್ತೆ ತೆಗೆದು ಓದಿದೆ.

ಅದರಲ್ಲಿ ನನ್ನ ಮಗಳ ಐದು ವರ್ಷ ಇತ್ತು...

ಸಾನಿಯಾಗೆ ಈಗ ಒಂಬತ್ತು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳು ಸಣ್ಣವಳಿದ್ದಾಗ ತಾಳಿಕೋಟೆಯಿಂದ ವಾರಕ್ಕೊಮ್ಮೆ ಬಸ್ ಹಿಡಿದು ವಿಜಯಪುರಕ್ಕೆ ಹೋಗಿ, ಒಬ್ಬ ಟೀಚರ್ ಹತ್ತಿರ ಇಬ್ಬರೂ ಕೈಸನ್ನೆಯ ಭಾಷೆ ಕಲಿತೆವು.

ಕಲಿತದ್ದು ಮರೆಯಬಾರದು ಅಂತ ಮನೆಗೆ ಬಂದು ವಿಡಿಯೋ ಮಾಡುತ್ತಿದ್ದೆ. ನೀರು, ರೊಟ್ಟಿ, ಜ್ವರ, ಹೊಟ್ಟೆನೋವು, ಬಸ್ಸು, ಭಯ. ಒಂದೊಂದಕ್ಕೆ ಒಂದು ಸಣ್ಣ ವಿಡಿಯೋ.

ನನ್ನ ಫೋನಿನಲ್ಲಿ ಜಾಗ ಇರುತ್ತಿರಲಿಲ್ಲ. ಆ್ಯಪ್‌ಗೆ ಹಾಕುವುದು, ಫೋನಿನಿಂದ ಅಳಿಸುವುದು. ಹಾಗೆ ಇನ್ನೂರ ಇಪ್ಪತ್ತು ಆಗಿದ್ದವು.

ಅವನ್ನು ನೋಡುವವರು ಬಹಳ ಮಂದಿ ಇರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹತ್ತೊಂಬತ್ತು ಮನೆಗಳ ಒಂದು ಗ್ರೂಪ್. ಎಲ್ಲರ ಮನೆಯಲ್ಲೂ ಕಿವಿ ಕೇಳದ ಒಂದು ಮಗು. ನನ್ನ ನಾದಿನಿ ನಗುತ್ತಿದ್ದಳು, ಮೂವತ್ತು ವ್ಯೂಸ್‌ಗೆ ಇಷ್ಟು ಒದ್ದಾಡುತ್ತೀಯಲ್ಲ ಅಂತ.

ಆ್ಯಪ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಡೌನ್‌ಲೋಡ್ ಮಾಡುವ ಬಟನ್ ಇತ್ತು. ಖುಷಿಯಿಂದ ಒತ್ತಿದೆ. ಲಿಂಕ್ ನಿಮ್ಮ ಇಮೇಲ್‌ಗೆ ಬರುತ್ತದೆ ಎಂದಿತು.

ಯಾವ ಇಮೇಲ್? ಫೋನ್ ಕೊಂಡ ದಿನ ಅಂಗಡಿಯವ ತಾನೇ ಏನೋ ಮಾಡಿಕೊಟ್ಟಿದ್ದ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಅವನಿಗೂ ನೆನಪಿಲ್ಲ.

ಒಂದೊಂದಾಗಿ ಇಳಿಸಲು ಕೂತೆ. ಮೂವತ್ತು ಆಗುವಷ್ಟರಲ್ಲಿ ಫೋನ್ ತುಂಬಿತು. ಹೊಲಿಗೆ ಮಷೀನ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಆಮೇಲೆ ಗ್ರೂಪ್‌ನಲ್ಲಿ ಇದ್ದದ್ದು ಇದ್ದಂಗೆ ಬರೆದೆ.

ಹತ್ತೇ ನಿಮಿಷಕ್ಕೆ ಸಿಂದಗಿಯ ಮಲ್ಲಪ್ಪ ಸರ್ ಫೋನ್ ಬಂತು. ಅವರು ಸಾಲಿ ಮಾಸ್ತರು, ಅವರ ಮಗನಿಗೂ ಕಿವಿ ಕೇಳುವುದಿಲ್ಲ.

“ಅಳೂದ ಬಿಡ್ರಿ ಅಕ್ಕಾರ. ಹತ್ತೊಂಬತ್ತು ಮನಿ ಅದೇವಿ, ಮನಿಗೆ ಹನ್ನೆರಡು ವಿಡಿಯೋ ಬರ್ತಾವ. ಹಂಚ್ಕೊಂಡ್ರ ಎರಡು ದಿನದ ಕೆಲಸ ಐತಿ.”

ಯಾರಿಗೆ ಯಾವುದು ಅಂತ ಪಟ್ಟಿ ಮಾಡಿ ಅವರೇ ಹಾಕಿದರು. ಡೌನ್‌ಲೋಡ್ ಆದಮೇಲೆ ನನಗೆ ಡಾಕ್ಯುಮೆಂಟ್ ಅಂತ ಕಳಿಸಿ, ವಿಡಿಯೋ ಅಂತ ಕಳಿಸಿದರೆ ಮಸುಕಾಗುತ್ತದೆ ಅಂತ ಎಲ್ಲರಿಗೂ ಹೇಳಿಕೊಟ್ಟರು.

ಸಾನಿಯಾ ಬಟ್ಟೆಗೆ ಗುರುತು ಹಾಕುವ ಚಾಕ್ ತಗೊಂಡು ಗೋಡೆ ಮೇಲೆ ಪಟ್ಟಿಯ ಎಲ್ಲ ವಿಡಿಯೋಗಳ ನಂಬರ್ ಬರೆದಳು. ಒಂದು ಸಿಕ್ಕರೆ ಒಂದಕ್ಕೆ ಗೀಟು. ನಾನು ಬೈಯಲಿಲ್ಲ.

ಎರಡು ದಿನ ಅಂದದ್ದು ಐದು ದಿನ ಹಿಡಿಯಿತು. ಕೊನೆಗೆ ಗೋಡೆಯಲ್ಲಿ ಉಳಿದದ್ದು ಐದು. ತೀರ ಹಳೆಯವು, ಯಾರು ಒತ್ತಿದರೂ ತೆರೆಯಲಿಲ್ಲ.

ಆ ಐದರಲ್ಲಿ ಮೊದಲನೆಯ ವಿಡಿಯೋ ಇತ್ತು. ನಾಲ್ಕು ವರ್ಷದ ಸಾನಿಯಾ ನನ್ನ ಮೂಗುತಿ ನೋಡಿ, ತನ್ನ ಮೂಗಿನ ಪಕ್ಕ ಬೆರಳಿಟ್ಟು ನನ್ನನ್ನು ಕರೆದದ್ದು. ಆ ಸನ್ನೆಯನ್ನು ಯಾವ ಟೀಚರೂ ಕಲಿಸಿರಲಿಲ್ಲ. ಅವಳೇ ಮಾಡಿಕೊಂಡದ್ದು, ಅವಳ ‘ಅಮ್ಮಿ’...

ಹೋಯಿತು ಅಂದುಕೊಂಡೆ. ಮಂದಿ ಇಷ್ಟು ಮಾಡಿದ ಮೇಲೆ ಇನ್ನೂ ಬೇಕು ಅನ್ನಲು ನಾಚಿಕೆ.

ಮರುದಿನ ಮಧ್ಯಾಹ್ನ, ಸಿಗದ ಐದು ಯಾವುವು ಅಂತ ಗ್ರೂಪ್‌ನಲ್ಲಿ ನೋಡಿ, ಅಗರಖೇಡದಿಂದ ಕಸ್ತೂರವ್ವ ಆಯಿ ಫೋನ್ ಮಾಡಿದರು. ಮೊಮ್ಮಗನ ಸಲುವಾಗಿ ಈ ವಯಸ್ಸಿನಲ್ಲಿ ಸ್ಮಾರ್ಟ್‌ಫೋನ್ ಕಲಿತ ಹೆಂಗಸು. ಊರಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಂತ ಎಲ್ಲ ವಿಡಿಯೋ ಇಳಿಸಿಟ್ಟುಕೊಳ್ಳುತ್ತಿದ್ದರು. ಫೋನ್ ತುಂಬುತ್ತದೆ, ಅಳಿಸಿರಿ ಆಯಿ, ಆ್ಯಪ್‌ನಲ್ಲಿ ಇದ್ದೇ ಇರುತ್ತದೆ ಅಂತ ಬುದ್ಧಿ ಹೇಳಿದವಳು ನಾನೇ.

“ಬಾಕಿ ಎಲ್ಲಾ ಅಳಿಸೇನಿ ಯವ್ವಾ, ಅದೊಂದು ಅಳಿಸಿಲ್ಲ. ನಿನ್ನ ಮಗಳು ಮೂಗು ಮುಟ್ಟೂದ ನೋಡಿ ನೋಡಿನ ನಾ ಧೈರ್ಯ ತಗೊಂಡಾಕಿ. ಈಗ ನನ್ನ ಮೊಮ್ಮಗ ಹಣಿ ಮ್ಯಾಲಿನ ಕುಂಕುಮ ತೋರ್ಸಿ ನನ್ನ ಕರೀತಾನ.”

ಆ ಕಡೆ ಆಯಿ ಸೊಸೆಗೆ ಕಳಿಸು ಕಳಿಸು ಅಂತ ಗಡಿಬಿಡಿ ಮಾಡುತ್ತಿದ್ದರು.

ವಿಡಿಯೋ ಬಂತು. ಸಾನಿಯಾ ಮೂರು ಸಲ ನೋಡಿದಳು, ತನ್ನ ಹಳೆಯ ಫ್ರಾಕ್ ನೋಡಿ ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಉಳಿದ ನಾಲ್ಕು ಸಿಗಲಿಲ್ಲ. ಅವನ್ನು ಅವಳೇ ಹೊಸದಾಗಿ ಮಾಡುತ್ತೇನೆ ಎಂದಳು. ನನ್ನನ್ನು ಕ್ಯಾಮೆರಾ ಹಿಂದೆ ನಿಲ್ಲಿಸಿ, ಬೆಳಕು ಸರಿ ಇಲ್ಲ ಅಂತ ಕೈಯಲ್ಲೇ ಗದರಿಸಿ, ನನಗಿಂತ ಚೆಂದ ಮಾಡಿದಳು.

ಆ್ಯಪ್ ಹೇಳಿದ ದಿನವೇ ಬಂದ್ ಆಯಿತು. ಅವತ್ತು ನಾನು ಎರಡು ಬ್ಲೌಸ್ ಮುಗಿಸಿದೆ, ಏನೂ ಅನ್ನಿಸಲಿಲ್ಲ.

ಈಗ ಎಲ್ಲ ವಿಡಿಯೋ ಒಂದು ಪೆನ್‌ಡ್ರೈವ್‌ನಲ್ಲಿ ನನ್ನ ಟ್ರಂಕಿನಲ್ಲಿವೆ, ಇನ್ನೊಂದರಲ್ಲಿ ಮಲ್ಲಪ್ಪ ಸರ್ ಮನೆಯಲ್ಲಿವೆ. ಇಮೇಲ್ ಹೊಸದು ಮಾಡಿದ್ದೇನೆ, ಪಾಸ್‌ವರ್ಡ್ ನಾನೇ ಇಟ್ಟದ್ದು. ಹೋದ ವಾರ ಬಾಗೇವಾಡಿ ಕಡೆಯಿಂದ ಇಪ್ಪತ್ತನೆಯ ಮನೆ ಗ್ರೂಪಿಗೆ ಸೇರಿತು. ಆ ತಾಯಿಗೆ ಮೊದಲು ಕಳಿಸಿದ್ದು ‘ಅಮ್ಮಿ’ ವಿಡಿಯೋ. ಕಳಿಸಿ, ಅಳಿಸಬೇಡಿ ಅಂತ ಬರೆದೆ.

ನಿಮ್ಮ ಮಗು ನಿಮ್ಮನ್ನು ಮೊದಲ ಸಲ ಕರೆದದ್ದು ಈಗ ಎಲ್ಲಿದೆ, ನಿಮ್ಮ ಹತ್ತಿರವೇ ಇದೆಯಾ?