ಬಿಚ್ಚದೆ ಬಿಟ್ಟ ಲಾಡಿ ಗಂಟು

ಮಾದಿಹಳ್ಳಿಯ ಡಾಕ್ಟರ ಶಾಪಿಗೆ ಅನುಸೂಯಮ್ಮ ಸೇರಿದ್ದು ಕಸ ಗುಡಿಸಲು. ಸ್ಟೌ ಮೇಲೆ ಸೂಜಿ, ಗಾಜಿನ ಸಿರಿಂಜು ಕುದಿಸುತ್ತ ಕುದಿಸುತ್ತ ಹತ್ತು ವರ್ಷಕ್ಕೆ ತಾನೇ ಇಂಜೆಕ್ಷನ್ ಚುಚ್ಚುವಷ್ಟು ಕೈ ಪಳಗಿತು. ಓದಿದ್ದು ಮೂರನೇ ಕ್ಲಾಸಾದರೂ ಡಾಕ್ಟರು ಒಮ್ಮೆ ಹೇಳಿದ್ದನ್ನು ಮರೆಯುವವಳಲ್ಲ. ರಕ್ತನಾಳಕ್ಕೆ ಕೊಡುವುದು ನನ್ನ ಕೆಲಸ, ನೀವು ಮುಟ್ಟಬೇಡಿ ಎಂದಿದ್ದರು, ಮುಟ್ಟಲಿಲ್ಲ. ಕುಂಡಿಯ ಮೇಲೆ ಮನಸ್ಸಿನಲ್ಲೇ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದುಕೊಳ್ಳಿ, ಮೇಲಿನ ಹೊರಮೂಲೆಗೆ ಮಾತ್ರ ಚುಚ್ಚಿ, ಅದರ ಕೆಳಗೆ ಕಾಲಿನ ದೊಡ್ಡ ನರ ಹಾದುಹೋಗುತ್ತದೆ ಎಂದಿದ್ದರು.

ಆದರೆ ಅಲ್ಲಿಗೆ ಬರುವ ಹೆಂಗಸರು ಲಾಡಿ ಸಡಿಲಿಸಲು ನಾಚುವರು. ಮಗ್ಗುಲಾಗಿ ಮಲಗಿ, ಲಂಗವನ್ನು ಕೆಳಗಿನಿಂದ ಒಂದಿಷ್ಟು ಎತ್ತಿ, ಬೇಗ ಮುಗಿಸು ಎನ್ನುವರು. ಹಾಗೆ ಎತ್ತಿದರೆ ಕಾಣುವುದು ಕುಂಡಿಯ ಕೆಳಭಾಗವಷ್ಟೇ ಎಂದು ಅವಳು ಗದರಿ ಬಿಚ್ಚಿಸುತ್ತಿದ್ದಳು.

ತೊಂಬತ್ತಾರರ ಆಷಾಢ. ಡಾಕ್ಟರು ಅರಸೀಕೆರೆಗೆ ಹೋಗಿದ್ದರು. ಹಳೇಬೀಡಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಪಕ್ಕದ ಮನೆ ಭಾಗ್ಯ, ಎಂಟು ವರ್ಷದ ಮಗಳು ಇಂದುವನ್ನು ಎತ್ತಿಕೊಂಡು ಬಂದಳು. ಜ್ವರಕ್ಕೆ ಬರೆದಿದ್ದ ಮೂರು ಇಂಜೆಕ್ಷನ್ನಿನಲ್ಲಿ ಅದು ಎರಡನೆಯದು. ಬೆವರಿಗೆ ನೆನೆದು ಮಗುವಿನ ಲಂಗದ ಲಾಡಿ ಕಗ್ಗಂಟಾಗಿತ್ತು.

"ಬಿಚ್ಚೇ ಅದನ್ನ."

"ಅಯ್ಯೋ ಅನುಸೂಯಕ್ಕ, ಬಸ್ಸು ಹೋಯ್ತದೆ. ಕೆಳಗಿಂದ ಎತ್ತಿದೀನಲ್ಲ, ಹಾಕು. ಊರೆಲ್ಲ ನಿನ್ ಕೈಗುಣ ಹೊಗಳ್ತೈತೆ, ನೀನು ನೋಡುದ್ರೆ ಒಂದು ಗಂಟಿಗೆ ಮೊಕ ಸಿಂಡರಿಸ್ತೀಯ!"

ಅನುಸೂಯಮ್ಮ ನಕ್ಕುಬಿಟ್ಟಳು. ನಕ್ಕವಳು ಸೂಜಿ ಇಳಿಸಿದಳು.

"ಅಜ್ಜೀ! ಪಾದದಗಂಟ ಕರೆಂಟ್ ಹೊಡೀತು!" ಎಂದು ಮಗು ಚೀರಿತು.

ಆಗಲೇ ಸೂಜಿ ಕೀಳಬೇಕಿತ್ತು. ಅರ್ಧ ಔಷಧಿ ಹಾಳಾಗುತ್ತದಲ್ಲ ಎಂದು ಉಳಿದದ್ದನ್ನೂ ಒತ್ತಿದಳು.

ಮರುದಿನ ಜ್ವರ ಬಿಟ್ಟಿತ್ತು. ಆದರೆ ಇಂದುವಿನ ಬಲಪಾದ ಮೇಲೇಳುತ್ತಿರಲಿಲ್ಲ. ಬೆರಳು ನೆಲ ಕೆರೆಯುತ್ತಿದ್ದವು.

"ಎಲ್ಲಿಗೆ ಕೊಟ್ರಿ ಅನುಸೂಯಮ್ಮ?" ಡಾಕ್ಟರು ಕೇಳಿದರು.

"ನೀವು ಹೇಳಿದ್ ಜಾಗಕ್ಕೇ, ಸಾರ್."

ಅವರು ನಂಬಿದರು. ಜ್ವರದ ನಿಶ್ಶಕ್ತಿ ಇರಬಹುದೆಂದು ಟಾನಿಕ್ಕು ಬರೆದರು. ಅನುಸೂಯಮ್ಮ ದಿನಾ ಸಂಜೆ ಹೋಗಿ ಮಗುವಿನ ಕಾಲಿಗೆ ಎಣ್ಣೆ ತಿಕ್ಕುವಳು. "ಹೆತ್ತೋಳಿಗಿಂತ ಹೆಚ್ಚು ನೀನು," ಎಂದು ಭಾಗ್ಯ ಕಣ್ಣು ಒರೆಸಿಕೊಂಡರೆ ಇವಳು ಇನ್ನಷ್ಟು ಎಣ್ಣೆ ಸುರಿದುಕೊಂಡು ತಿಕ್ಕುವಳು.

ಮೂರನೇ ವಾರಕ್ಕೆ ತಡೆಯಲಾರದೆ ಭಾಗ್ಯಳನ್ನು ಜೊತೆಗೆ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿದಳು. ಅವರು ಹಾಸನದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. "ಅವತ್ತೇ ಹೇಳಿದ್ರೆ ಅವತ್ತೇ ಹಾಸನಕ್ಕೆ ಕಳಿಸ್ತಿದ್ದೆ. ಪಾದಕ್ಕೆ ಪಟ್ಟಿ, ವ್ಯಾಯಾಮ ಶುರುವಾಗಿರೋದು. ಮೂರು ವಾರ ಹೋಯ್ತಲ್ಲಮ್ಮ."

ಭಾಗ್ಯ ಕಿರುಚಲಿಲ್ಲ. "ಲಂಗ ಎತ್ತಿದ್ದು ನಾನೇ," ಎಂದಳು. ಆಮೇಲೆ, "ಜಾಗ ಗೊತ್ತಿದ್ದದ್ದು ನಿಮಗೆ," ಎಂದಳು. ಅಂದಿನಿಂದ ಅನುಸೂಯಕ್ಕ ಎಂದು ಕರೆಯಲಿಲ್ಲ.

ಹಾಸನಕ್ಕೆ ಅಲೆದು ಅಲೆದು ಇಂದು ನಡೆದಳು. ಆದರೆ ಬಲಗಾಲಿನ ಚಪ್ಪಲಿ ನಿಲ್ಲುತ್ತಿರಲಿಲ್ಲ. ಅವಳು ಸ್ಕೂಲಿಗೆ ಹೋಗುವಾಗ ಪಾದ ಎಳೆಯುವ ಸದ್ದು ಬೀದಿಗೆಲ್ಲ ಕೇಳುವುದು. ಅನುಸೂಯಮ್ಮ ಪೊರಕೆ ಹಿಡಿದು ಹಾಗೇ ನಿಂತುಬಿಡುವಳು.

ಸಿರಿಂಜನ್ನು ಮತ್ತೆ ಮುಟ್ಟಲಿಲ್ಲ. ಚುಚ್ಚಲು ನರ್ಸು ಬಂದಳು, ಒಮ್ಮೆ ಬಳಸಿ ಎಸೆಯುವ ಸಿರಿಂಜೂ ಬಂತು. ಅನುಸೂಯಮ್ಮ ಮಾತ್ರ ಬೆಂಚಿನ ಪಕ್ಕ ಕೂತು, ಎಷ್ಟೇ ಬಿಗಿಯಾದ ಲಾಡಿಯಾಗಲಿ ಉಗುರಿನಿಂದ ಬಿಡಿಸುವಳು.

"ಬಸ್ಸು ಹೋಯ್ತದೆ ಕಣಜ್ಜಿ, ಕೆಳಗಿಂದ ಎತ್ತುತೀನಿ ಬುಡು," ಅನ್ನುವರು.

"ಹೋಗ್ಲಿ ಕಣವ್ವ," ಎನ್ನುವಳು, ಗಂಟಿನಿಂದ ಕಣ್ಣೆತ್ತದೆ.