ಜಗಳ ಬಿಟ್ಟ ಮಗಳು

ನಲ್ಲಿಯಲ್ಲಿ ನೀರು ಬರುವ ಮೊದಲು ಕೊಡಗಳನ್ನು ಸಾಲಾಗಿ ಇಡುವುದು, ಅತ್ತೆಗೆ ಬಿಸಿನೀರು, ಅವರ ಮಾತ್ರೆ, ಗಂಡನ ಡಬ್ಬಿ, ಮಗನ ಡಬ್ಬಿ, ಮಗಳ ಡಬ್ಬಿ, ಮಗನ ಶರ್ಟಿಗೆ ಇಸ್ತ್ರಿ, ರಾತ್ರಿಯ ಪಾತ್ರೆ. ಬೆಳಕು ಹರಿಯುವುದರೊಳಗೆ ಇಷ್ಟೂ ಮುಗಿದರೆ ಮಾತ್ರ ಅವಳಿಗೆ ಏಳರ ಬಸ್ಸು ಸಿಗುತ್ತಿತ್ತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಿರುವಿ ತಪ್ಪು ಹುಡುಕುವ ಕೆಲಸ ಅವಳದು. ಹದಿನೇಳು ವರ್ಷ ಅದನ್ನೇ ಮಾಡಿ ಎಲ್ಲರ ಬಾಯಲ್ಲೂ ‘ಚೆಕ್ಕಿಂಗ್ ಅಕ್ಕ’ ಆಗಿದ್ದಳು.

ಒಂದು ದಿನ ಎದ್ದು ನೋಡಿದರೆ ಪಾತ್ರೆಗಳನ್ನೆಲ್ಲ ಯಾರೋ ತೊಳೆದು ಬೋರಲು ಹಾಕಿದ್ದರು. ಮರುದಿನವೂ ಹಾಗೆಯೇ. ತೊಳೆಯುತ್ತಿದ್ದವಳು ಹದಿನಾಲ್ಕು ವರ್ಷದ ಮಗಳು.

“ಅಂತೂ ಹುಡುಗಿಗೆ ಬುದ್ಧಿ ಬಂತು,” ಎಂದರು ಅತ್ತೆ. ಅಣ್ಣನ ತಟ್ಟೆ ಅಣ್ಣನೇ ತೊಳೀಲಿ ಎಂದು ದಿನಾ ರಂಪ ಮಾಡುತ್ತಿದ್ದವಳು ಈಗ ಬಾಯಿಯೇ ತೆರೆಯುತ್ತಿರಲಿಲ್ಲ. ಮನೆಮಂದಿಗೆಲ್ಲ ಹಾಯೆನಿಸಿತ್ತು. ಸುಳ್ಳೇಕೆ, ತಾಯಿಗೂ ಮೊದಲ ವಾರ ಅರ್ಧ ಗಂಟೆ ಹೆಚ್ಚು ನಿದ್ದೆ ಸಿಕ್ಕಿತ್ತು. ಆಮೇಲೆ ತಪ್ಪು ಹುಡುಕುವ ಕಣ್ಣು ಸುಮ್ಮನಿರಲಿಲ್ಲ. ಮಗಳ ಡಬ್ಬಿ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು. ಸೈಕಲ್ಲಿನ ಮೇಲೆ ಧೂಳು. ಗೆಳತಿ ಬಂದು ಕರೆದರೆ ಮಲಗಿದ್ದಾಳೆಂದು ಹೇಳಿಸುತ್ತಿದ್ದಳು. ಏನಿದು?

ಒಂದು ಮುಂಜಾನೆ ತಾಯಿ ನಾಲ್ಕಕ್ಕೇ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಇಷ್ಟು ಬೇಗ ಯಾಕೇ ಎದ್ದೆ?”

“ಮೂರಕ್ಕೇ ಎಚ್ಚರ ಆಗುತ್ತಮ್ಮ. ಮಲಗೇ ಇದ್ರೆ ನಾನು ಯಾಕಾದ್ರೂ ಇದೀನೋ ಅನ್ಸುತ್ತೆ. ಪಾತ್ರೆ ತೊಳೆದ್ರೆ ಅಷ್ಟು ಹೊತ್ತು ಅನ್ಸಲ್ಲ.”

ಅವತ್ತು ತಾಯಿ ಕೆಲಸಕ್ಕೆ ಹೋಗದೆ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಕ್ಕಳ ಆಸ್ಪತ್ರೆಯ ಮನೋವೈದ್ಯೆ ಮಗಳೊಬ್ಬಳನ್ನೇ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ತಾಯಿಯನ್ನು ಒಳಗೆ ಕರೆದು, ಸಾಯಬೇಕು ಅನ್ನಿಸಿದೆಯಾ ಎಂದೂ ಕೇಳಿದೆ ಎಂದರು.

“ಹಂಗೆ ಕೇಳಿದ್ರೆ ಇಲ್ಲದ್ದೂ ತಲೆಗೆ ಹೋಗಲ್ವಾ ಡಾಕ್ಟ್ರೇ?”

“ಇಲ್ಲಮ್ಮ, ಹೇಳ್ಕೊಳ್ಳೋಕೆ ದಾರಿ ಸಿಗುತ್ತೆ. ಅನ್ನಿಸಿದೆಯಂತೆ, ಆದ್ರೆ ಏನೂ ಮಾಡ್ಕೊಳ್ಳೋಕೆ ಹೋಗಿಲ್ಲ. ಅವಳನ್ನ ಕೇಳಿಯೇ ನಿಮಗೆ ಹೇಳ್ತಿದೀನಿ. ಇದು ಖಿನ್ನತೆ. ಹನ್ನೆರಡು ವಾರ, ಪ್ರತಿ ಗುರುವಾರ ಕರ್ಕೊಂಡು ಬನ್ನಿ. ಮಾತ್ರೆ ಬೇಕಾ ಅಂತ ಮುಂದೆ ನೋಡೋಣ.”

“ಮಾತಲ್ಲೇ ವಾಸಿ ಆಗುತ್ತಾ?”

“ಬರೀ ಮಾತಲ್ಲ. ಮೊದಲು ಇಷ್ಟ ಇದ್ದಿದ್ದು ಏನಾದ್ರೂ ದಿನಾ ಅರ್ಧ ಗಂಟೆ ಮಾಡ್ಬೇಕು, ಮನಸ್ಸಿಲ್ಲದಿದ್ರೂ. ಎಷ್ಟು ಹಿಡಿಸ್ತು ಅಂತ ಹತ್ತಕ್ಕೆ ಇಷ್ಟು ಅಂತ ಬರೀಬೇಕು. ಒಂಚೂರು ಗೆಲುವಾದ ತಕ್ಷಣ ನಿಲ್ಲಿಸಿಬಿಡಬೇಡಿ.”

ಮನಸ್ಸು ಬಂದಮೇಲೆ ಮಾಡುವುದು ತಾಯಿಗೆ ಗೊತ್ತಿತ್ತು. ಮಾಡಿದಮೇಲೆ ಮನಸ್ಸು ಬರುತ್ತದೆಯೇ? ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, “ಇವತ್ತೆಷ್ಟೇ?” ಸೈಕಲ್ಲಿಗೆ ಮಗಳು ಒಂದು ಕೊಟ್ಟಳು, ಮತ್ತೆ ಒಂದು, ಒಂದು ದಿನ ಸೊನ್ನೆ. ಗೆಳತಿಯ ಜೊತೆ ಹೋದ ದಿನ ನಾಲ್ಕು. ಅಂಗಿಯ ತಪ್ಪು ಹುಡುಕುವವಳು ಆ ನಾಲ್ಕನ್ನು ಮೂರು ಸಲ ತಿರುವಿ ನೋಡಿದಳು.

ಆರನೇ ವಾರ ಊಟವಾದಮೇಲೆ ಮಗಳು ತಟ್ಟೆಯೊಂದನ್ನು ಅತ್ತ ತಳ್ಳಿದಳು. “ಅಣ್ಣಂಗೇನು ಕೈ ಇಲ್ವಾ?”

“ನೋಡಿದ್ಯೇನೇ,” ಅತ್ತೆ ಸೊಸೆಯತ್ತ ತಿರುಗಿದರು, “ಬಂಗಾರದಂಥ ಹುಡುಗೀನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕೆಡಿಸಿದೆ.”

“ಜಗಳ ಆಡೋಷ್ಟು ತ್ರಾಣ ಬಂದಿದೆ, ವಾಸಿ ಆಯ್ತಲ್ಲ. ಸಾಕು, ನಿಲ್ಸು,” ಎಂದ ಗಂಡ.

“ಕೆಟ್ಳು ಅಂತಾರೆ ಅವರು, ವಾಸಿ ಆದ್ಳು ಅಂತೀರಿ ನೀವು. ಅಮ್ಮ ಮಗ ಮೊದ್ಲು ಕೂತು ತೀರ್ಮಾನ ಮಾಡ್ಕೊಳ್ಳಿ.”

ಮಗಳು ಮೂಗಿನಲ್ಲೇ ನಕ್ಕಳು. ಆದರೂ ಮೂರಕ್ಕೆ ಎಚ್ಚರವಾಗುವುದು ಪೂರ್ತಿ ನಿಂತಿರಲಿಲ್ಲ. ವಾರದಲ್ಲಿ ಎರಡು ದಿನ ಇನ್ನೂ ಇತ್ತು. ತಾಯಿಗೆ ಅದು ಗೊತ್ತಿತ್ತು, ಉಳಿದವರು ಕೇಳಿರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಬೇರೆಯವರು ಬರುವ ಮೊದಲು ಅವಳು ರಜೆಯ ಪುಸ್ತಕ ತೆರೆದಳು. ಹೀಗೇ ರಜೆ ಹಾಕಿದರೆ ಚೆಕ್ಕಿಂಗ್ ಬಿಡಿಸಿ, ಹೊಸಬರು ಮಾಡುವ ದಾರ ಕತ್ತರಿಸುವ ಮೇಜಿಗೆ ಕಳಿಸುವುದಾಗಿ ಸೂಪರ್‌ವೈಸರ್ ಆಗಲೇ ಹೇಳಿದ್ದ. ಹದಿನೇಳು ವರ್ಷದ ಕುರ್ಚಿಯತ್ತ ಒಮ್ಮೆ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಉಳಿದ ಆರೂ ಗುರುವಾರಗಳ ತಾರೀಖನ್ನು ಒಂದರ ಕೆಳಗೊಂದು ಬರೆದಳು.