ಏಲಿಯಮ್ಮ ನೀರು ಬಿಟ್ಟ ದಿನ

"ಅಮ್ಮ ನಿನ್ನೆಯಿಂದ ಒಂದು ತೊಟ್ಟು ನೀರು ಕುಡಿಲಿಲ್ಲ. ಡಾಕ್ಟರ್ ಕುಡಿಬೇಡಿ ಅಂತ ಹೇಳಿದ್ದಾರಂತೆ. ಆ ಡಾಕ್ಟರ್ ನೀವೇ ಅಂತೆ!"

ಫೋನಿನಲ್ಲಿ ಬಿಜು ಕೂಗ್ತಿದ್ದ. ನಾನು ಕಡಬದ ನನ್ನ ಮೆಡಿಕಲ್ ಶಾಪಿನಲ್ಲಿ, ಯಾರದ್ದೋ ಮಾತ್ರೆ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ.

ನಾನು ಡಾಕ್ಟರ್ ಅಲ್ಲ. ಮದ್ದು ಕೊಡುವವಳು. ಡಾಕ್ಟರ್ ಆಗಿದ್ದು ಸೀರಿಯಲ್‌ನಲ್ಲಿ...

ಸುಳ್ಯದಲ್ಲಿ ಮದುವೆ ವಿಡಿಯೋ ಮಾಡುವ ಸುಧೀರ ನನ್ನ ಕಾಲೇಜ್ ಫ್ರೆಂಡ್. ಅವನಿಗೆ ಸೈನ್ಸ್ ಫಿಕ್ಷನ್ ಹುಚ್ಚು. ಇಲ್ಲಿಯ ಕೇಬಲ್ ಚಾನೆಲ್‌ಗೆ 'ಮರೆವಿನ ಹೊಳೆ' ಅಂತ ಒಂದು ಸೀರಿಯಲ್ ಮಾಡಿದ. ಪ್ರತಿ ಭಾನುವಾರ ಅರ್ಧ ಗಂಟೆ.

ಕತೆಯಲ್ಲಿ ಆಕಾಶದಿಂದ ಎಂತದ್ದೋ ಒಂದು ನಮ್ಮ ಕುಮಾರಧಾರೆ ಹೊಳೆಗೆ ಬೀಳ್ತದೆ. ಆ ನೀರು ಕುಡಿದವರಿಗೆ ಮೊದಲು ತಮ್ಮ ಹೆಸರು ಮರೆತುಹೋಗ್ತದೆ, ಮತ್ತೆ ಮನೆಯವರು, ಮತ್ತೆ ಮಾತು. ಅದನ್ನು ಕಂಡುಹಿಡಿಯುವ ಡಾಕ್ಟರ್ ನಾನು.

ಮೊದಲ ಮೂರು ವಾರ ಯಾರೂ ನೋಡ್ಲಿಲ್ಲ. ನೋಡಿದವರು ಬೈದರು. "ಎಂತ ಮಾರಾಯ್ತಿ, ಒಂದು ಅತ್ತೆ ಇಲ್ಲ, ಒಂದು ಜಗಳ ಇಲ್ಲ, ಬರೀ ನೀರು ತೋರಿಸುದು!" ಅಂತ ನನ್ನ ಚಿಕ್ಕಮ್ಮನೇ ಹೇಳಿದ್ರು. ಇದನ್ನು ತೆಗೆದು ಹಳೇ ತಾಳಮದ್ದಳೆ ಹಾಕಿ ಅಂತ ಪುತ್ತೂರಿನಿಂದ ಚಾನೆಲ್‌ಗೆ ಫೋನ್ ಬಂತಂತೆ.

ನಾಲ್ಕನೇ ಎಪಿಸೋಡಿನಲ್ಲಿ ನಾನು ಕ್ಯಾಮೆರಾ ನೋಡಿ ಎಚ್ಚರಿಕೆ ಕೊಡುವ ಸೀನ್. ಹೊಳೆ, ಬಾವಿ, ನಲ್ಲಿ, ಯಾವ ನೀರನ್ನೂ ಕುಡಿಯಬೇಡಿ, ಕುಡಿದವರಿಗೆ ತಮ್ಮ ಹೆಸರೇ ನೆನಪಿರುವುದಿಲ್ಲ ಅಂತ. ಹಿಂದೆ ಆಂಬ್ಯುಲೆನ್ಸ್ ಸದ್ದು. ಒಂದೇ ಟೇಕ್‌ನಲ್ಲಿ ಓಕೆ ಆಯ್ತು. ಸುಧೀರ ಚಪ್ಪಾಳೆ ಹೊಡೆದಿದ್ದ.

ಯಾರೋ ಅಷ್ಟು ತುಂಡನ್ನು ಮಾತ್ರ ಕತ್ತರಿಸಿ ವಾಟ್ಸಾಪ್‌ಗೆ ಬಿಟ್ಟಿದ್ರು. ಸೀರಿಯಲ್ ಅಂತ ಎಲ್ಲಿಯೂ ಇಲ್ಲ. ಕೆಳಗೆ 'ಎಲ್ಲರಿಗೂ ಕಳಿಸಿ' ಅಂತ ಬೇರೆ.

ಬಿಜುವಿನ ಅಮ್ಮ ಏಲಿಯಮ್ಮ ನನ್ನ ಶಾಪಿಗೆ ವರ್ಷಗಳಿಂದ ಬರುವವರು. ಶುಗರ್ ಉಂಟು, ಬಿಪಿ ಉಂಟು, ಕಿಡ್ನಿಯೂ ವೀಕ್. ಈ ಸೆಕೆಯಲ್ಲಿ ಅಂಥವರು ನೀರು ಬಿಟ್ರೆ ಎಂತ ಆಗ್ತದೆ ಅಂತ ನನಗೆ ಗೊತ್ತು.

"ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗು."

"ಬರುದಿಲ್ಲ ಹೇಳ್ತಾರೆ. ಅಲ್ಲಿಯೂ ಇದೇ ನೀರಂತೆ. ಬಾಟಲಿ ನೀರು ತಂದೆ, ಅದನ್ನೂ ಇಲ್ಲಿಯೇ ತುಂಬಿಸುದು ಅಂತಾರೆ. ನೀವೇ ಬನ್ನಿ."

ಶಟರ್ ಎಳೆದು ಸ್ಕೂಟರ್ ಹತ್ತಿದೆ. ಅವರ ಮನೆ ನೆಲ್ಯಾಡಿ ಕಡೆ.

ದಾರಿಯಲ್ಲಿ ಒಂದು ಜಂಕ್ಷನ್‌ನಲ್ಲಿ ನಲ್ಲಿ ಹತ್ತಿರ ಜನ ಸೇರಿದ್ರು. ಖಾಲಿ ಕೊಡಗಳು. ನನ್ನನ್ನು ಕಂಡ ಕೂಡಲೇ ಒಬ್ಬ ಬಂದು ಸ್ಕೂಟರಿನ ಕೀ ತೆಗೆದ.

"ಡಾಕ್ಟರೇ, ನೀವು ಊರು ಬಿಟ್ಟು ಓಡುದಾ?"

ನಾನು ಸೀರಿಯಲ್ ಅಂದೆ, ನಟನೆ ಅಂದೆ. ಅರ್ಧ ಜನ ನಂಬಲಿಲ್ಲ, ಬಾಯಿ ಮುಚ್ಚಿಸಲಿಕ್ಕೆ ಯಾರೋ ಹೆದರಿಸಿದ್ದಾರೆ ಅಂದ್ರು. ನಂಬಿದ ಅರ್ಧ ಜನರಿಗೆ ಇನ್ನೂ ಸಿಟ್ಟು. "ಮಕ್ಕಳಿಗೆ ನೀರು ಕೊಡದೆ ಕೂತಿದ್ದೇವೆ, ನಿಮಗೆ ನಾಟಕವಾ?" ಅಂತ ಒಬ್ಬಳು ಹೆಂಗಸು ಮುಖದ ಹತ್ತಿರ ಬಂದಳು.

"ಅಲ್ಲಿ ಒಬ್ಬರ ಜೀವ ಹೋಗ್ತದೆ. ಅವರನ್ನು ನೋಡಿ ಇಲ್ಲಿಗೇ ಬರ್ತೇನೆ. ಆಮೇಲೆ ಹೊಡೀರಿ ಬೇಕಾದ್ರೆ" ಅಂದೆ. ಆ ಹೆಂಗಸೇ ಅವನ ಕೈಯಿಂದ ಕೀ ಕಿತ್ತು ನನಗೆ ಕೊಟ್ಟಳು.

ಏಲಿಯಮ್ಮ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ತುಟಿ ಬಿರುಕು ಬಿಟ್ಟಿದೆ. ಕೈಯ ಚರ್ಮ ಎಳೆದು ಬಿಟ್ರೆ ಹಾಗೇ ನಿಲ್ತದೆ. ಕಣ್ಣು ಮಾತ್ರ ನನ್ನ ಮೇಲೆ.

"ಅದು ಕತೆ ಅಮ್ಮ. ಸೀರಿಯಲ್" ಅಂದೆ.

"ಸೀರಿಯಲ್ಲಿನವರು ಅಳ್ತಾರೆ. ನೀನು ಅಳ್ಲಿಲ್ಲ."



ಆಗ ಒಂದು ಯೋಚನೆ ಬಂತು. ನಾನು ಡಾಕ್ಟರ್ ಆಗಿಯೇ ಹೇಳಿಬಿಟ್ರೆ? ನೀರು ಟೆಸ್ಟ್ ಆಯ್ತು, ಈಗ ಕುಡಿಬಹುದು ಅಂತ ಅದೇ ಸ್ವರದಲ್ಲಿ ಹೇಳಿದ್ರೆ ಒಂದು ನಿಮಿಷದ ಕೆಲಸ. ಬಿಜು ಕಣ್ಣಲ್ಲೇ ಹಾಗೆ ಹೇಳಿ ಅಂತ ಬೇಡ್ತಿದ್ದ.

ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿದೆ. ಇನ್ನೊಂದು ಸುಳ್ಳು ಆಗ್ಲಿಲ್ಲ ನನಗೆ.

ಹೋಗಿ ಅಡುಗೆಮನೆ ನಲ್ಲಿಯಿಂದ ಒಂದು ಚೆಂಬು ಹಿಡಿದು ತಂದು, ಅವರ ಎದುರೇ ಕೂತು ಪೂರ್ತಿ ಕುಡಿದೆ.

ಏಲಿಯಮ್ಮ ನನ್ನನ್ನೇ ನೋಡಿದ್ರು. ಆಮೇಲೆ ಕೇಳಿದ್ರು, "ನಿನ್ನ ಹೆಸರೆಂತ ಮೋಳೆ?" ಮಗಳೇ ಅನ್ನಲಿಕ್ಕೆ ಅವರ ಮಲಯಾಳದಲ್ಲಿ ಮೋಳೆ.

"ವಿನಯಾ."

"ಅಪ್ಪಂದು?"

ಹೇಳಿದೆ. ಅಮ್ಮಂದು ಕೇಳಿದ್ರು, ಅದನ್ನೂ ಹೇಳಿದೆ. ನಾನು ಕಲಿತ ಶಾಲೆ ಕೇಳಿದ್ರು. ಕೊನೆಗೆ, "ನನ್ನ ಶುಗರಿನ ಮಾತ್ರೆ ಯಾವ ಬಣ್ಣ?"

"ಬಿಳಿ. ಬಿಪಿಯದ್ದು ಗುಲಾಬಿ. ಎರಡೂ ನಿನ್ನೆ ತಗೊಳ್ಳಲಿಲ್ಲ ನೀವು" ಅಂದೆ. ಆಗ ನನಗೆ ಅಳು ಬಂದೇ ಬಂತು.

ಅವರು ಖಾಲಿ ಚೆಂಬಿಗೆ ಕೈ ಚಾಚಿದ್ರು. ಬಿಜು ಓಡಿ ತುಂಬಿಸಿ ತಂದ.

ಸ್ವಲ್ಪ ಸ್ವಲ್ಪವೇ ಕುಡಿಸಿ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕರ್ಕೊಂಡು ಹೋದೆವು. ದಾರಿಯಲ್ಲಿ ಆ ಜಂಕ್ಷನ್‌ನಲ್ಲಿ ನಿಲ್ಲಿಸಿ, ಅಲ್ಲಿಯ ನಲ್ಲಿಯಿಂದಲೂ ಎಲ್ಲರ ಎದುರು ಬೊಗಸೆಯಲ್ಲಿ ಕುಡಿದೆ. ಯಾರೂ ಹೊಡೀಲಿಲ್ಲ.

ಡ್ರಿಪ್ ಹಾಕಿದ್ರು. ಇನ್ನೂ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಅಲ್ಲಿಯ ಡಾಕ್ಟರ್. ಏಲಿಯಮ್ಮ ಈಗ ಮನೆಗೆ ಬಂದಿದ್ದಾರೆ, ಹುಷಾರಿದ್ದಾರೆ.

ನಾನು ಮತ್ತು ಸುಧೀರ ಪೊಲೀಸ್ ಸ್ಟೇಷನ್‌ಗೆ ಹೋಗಿ ವಿಷಯ ಬರೆದುಕೊಟ್ಟು ಬಂದೆವು. ಕ್ಷಮೆ ಕೇಳಿ ಇನ್ನೊಂದು ವಿಡಿಯೋ ಮಾಡಿದೆವು, ಅದನ್ನು ಯಾರೂ ಫಾರ್ವರ್ಡ್ ಮಾಡ್ಲಿಲ್ಲ. ಚಾನೆಲ್‌ನವರು ಸೀರಿಯಲ್ ನಿಲ್ಲಿಸಿದ್ರು.

ಈಗ ಅದೇ ಚಾನೆಲ್‌ನವರು ಸುಧೀರನಿಗೆ ಫೋನ್ ಮಾಡಿದ್ದಾರೆ. ಜನ ಕೇಳ್ತಾ ಇದ್ದಾರಂತೆ, ಮುಂದೆ ಎಂತ ಆಯ್ತು, ಆ ಡಾಕ್ಟರ್ ಎಂತ ಮಾಡಿದ್ಳು ಅಂತ. ಮೊದಲಿನಿಂದ ಹಾಕಲಿಕ್ಕೆ ರೆಡಿ ಅಂತೆ.

ಜೀಪಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಏಲಿಯಮ್ಮ ಹೇಳಿದ್ದು ಕಿವಿಯಿಂದ ಹೋಗುದಿಲ್ಲ. "ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರಲಿಲ್ಲ ಮೋಳೆ. ನೀನು ಹೇಳಿದ್ದಲ್ವಾ..."

ನೀವಾದ್ರೆ ಆ ಪಾರ್ಟನ್ನು ಮತ್ತೆ ಮಾಡ್ತಿದ್ರಾ?